ಎಐ ಟಿವಿ ಹಳೇ ವಿಡಿಯೊವನ್ನು ನಿಜವಾದ 4ಕೆ ಮಾಡುತ್ತಾ?

‘ಎಐ ಇರುವ ಟಿವಿ ತಗೊಂಡರೆ ಸಾಕು, ಯಾವ ಹಳೇ ವಿಡಿಯೊ ಹಾಕಿದರೂ ನಿಜವಾದ 4ಕೆ ಆಗುತ್ತದೆ’ ಎಂಬ ಮಾತು ಓಡಾಡುತ್ತಿದೆ. ಇದು ಅರ್ಧ ಸತ್ಯ.

ಲೆಕ್ಕ ನೋಡಿ. ಫುಲ್ ಎಚ್‌ಡಿ ಚಿತ್ರದಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್ (ಚಿತ್ರವನ್ನು ಕಟ್ಟುವ ಚುಕ್ಕಿಗಳು) ಇರುತ್ತವೆ. 4ಕೆ ಪರದೆಗೆ ಸುಮಾರು 83 ಲಕ್ಷ ಬೇಕು. ಅಂದರೆ ನಾಲ್ಕರಲ್ಲಿ ಮೂರು ಪಾಲನ್ನು ಟಿವಿಯೇ ಊಹಿಸಿ ತುಂಬಬೇಕು. ರಾಶಿ ರಾಶಿ ಚಿತ್ರಗಳನ್ನು ನೋಡಿ ಕಲಿತ ಎಐ, ಅಂಚು ಎಲ್ಲಿದೆ, ಕೂದಲು ಎಲ್ಲಿದೆ ಎಂದು ಅಂದಾಜು ಮಾಡುತ್ತದೆ. ಎಷ್ಟೋ ಸಲ ಆ ಅಂದಾಜು ಚೆನ್ನಾಗೇ ಇರುತ್ತದೆ, ಸುಮ್ನೆ ಹೊಗಳಿಕೆಯಲ್ಲ. ಆದರೆ ಕ್ಯಾಮೆರಾ ಹಿಡಿಯದೇ ಬಿಟ್ಟದ್ದನ್ನು ಅದು ವಾಪಸ್ ತರಲಾರದು. ದೂರದ ಬೋರ್ಡಿನ ಮಸುಕು ಅಕ್ಷರಗಳನ್ನೇ ಗಮನಿಸಿ. ಗೆರೆ ಚೂಪಾಗುತ್ತದೆ, ಓದಲು ಮಾತ್ರ ಆಗುವುದಿಲ್ಲ. ಶಾರ್ಪ್‌ನೆಸ್ ಜಾಸ್ತಿ ಇಟ್ಟರಂತೂ ಮುಖಕ್ಕೆ ಮೇಣ ಬಳಿದ ಹಾಗಿರುತ್ತದೆ, ಅಲ್ವಾ?

ಇನ್ನು, ಟಿವಿಯಲ್ಲಿ ಸಿನಿಮಾ ನೋಡುವಾಗ ಅದು ಧಾರಾವಾಹಿಯ ಹಾಗೆ ಕಂಡರೆ ತಪ್ಪು ಸಿನಿಮಾದ್ದಲ್ಲ. ಅದರಲ್ಲಿರುವುದು ಸಾಮಾನ್ಯವಾಗಿ ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ. ನಡುನಡುವೆ ಟಿವಿ ತಾನೇ ಫ್ರೇಮ್ ಹುಟ್ಟಿಸಿ ಸೇರಿಸುತ್ತದೆ, ಅದಕ್ಕೇ ಚಲನೆ ಅತಿಯಾಗಿ ನುಣುಪಾಗಿ ಕಾಣುತ್ತದೆ. ನನಗಂತೂ ಇದು ಕಿರಿಕಿರಿ. ಸೆಟ್ಟಿಂಗ್ಸ್‌ಗೆ ಹೋಗಿ ಮೋಷನ್ ಆಯ್ಕೆಯನ್ನು ಆಫ್ ಮಾಡಿ. ಸಿನಿಮಾವನ್ನು ಇದ್ದ ಹಾಗೇ ತೋರಿಸುವ ಫಿಲ್ಮ್‌ಮೇಕರ್ ಮೋಡ್ ಇದ್ದರೆ ಅದನ್ನೇ ಹಾಕಿಕೊಳ್ಳಿ.