ಐದು ನಿಮಿಷದ ದರ್ಶನ

ಇಟಲಿಯ ಕಾಪ್ರಿ ದ್ವೀಪದ ನೀಲಿ ಗುಹೆ ನೋಡಲು ಹೋಗ್ತೇವೆ ಅಂದಾಗ ಮ್ಯೂನಿಕ್‌ನ ನನ್ನ ಆಫೀಸಿನ ಗೆಳೆಯ ಮುಖ ಸಿಂಡರಿಸಿದ. ಎರಡು ಗಂಟೆ ಕಾಯಬೇಕು, ಒಳಗೆ ಐದೇ ನಿಮಿಷ, ಶುದ್ಧ ಸುಲಿಗೆ ಅಂದ. ಲೆಕ್ಕ ಸರಿಯೇ. ಆದರೆ ನನ್ನ ಜೊತೆ ಹೊರಟಿದ್ದದ್ದು ಉಡುಪಿಯ ಅಮ್ಮ. ಗಂಟೆಗಟ್ಟಲೆ ಸಾಲಿನಲ್ಲಿ ನಿಂತು, ನವಗ್ರಹ ಕಿಂಡಿಯಲ್ಲಿ ಕೃಷ್ಣನನ್ನು ಒಂದು ಗಳಿಗೆ ನೋಡಿ, ಖುಷಿಯಾಗಿ ಮನೆಗೆ ಬರುವವರು. ಅವರಿಗೆ ಐದು ನಿಮಿಷ ಜಾಸ್ತಿಯೇ ಆಯ್ತು.

ಮೊದಲ ದಿನ ಗುಹೆ ಬಂದ್. ಸಮುದ್ರ ಸ್ವಲ್ಪ ಜೋರಾದರೂ ಯಾರನ್ನೂ ಬಿಡುವುದಿಲ್ಲ. ಗುಹೆಯ ಬಾಯಿ ನೀರಿನ ಮೇಲೆ ಕಾಣುವುದೇ ಸುಮಾರು ಒಂದು ಮೀಟರ್. ಅಲೆ ಎದ್ದರೆ ಅದೂ ಇಲ್ಲ.

ಮರುದಿನ ಅನಾಕಾಪ್ರಿಯಿಂದ ಬಸ್ ಹಿಡಿದು, ಮೆಟ್ಟಿಲಿಳಿದು ಸಾಲು ಸೇರಿದೆವು. ಮುಂದಿದ್ದವರೆಲ್ಲ ಗಡಿಯಾರ ನೋಡುತ್ತಿದ್ದರು. ಅಮ್ಮ ಕಟ್ಟೆಯ ಮೇಲೆ ಕೂತು ಬಿಸ್ಕತ್ತು ತೆಗೆದರು, ಪಕ್ಕದವರಿಗೂ ಕೊಟ್ಟರು. ಸಾಲಿನಲ್ಲಿ ನಿಲ್ಲುವುದು ನಮಗೆ ಬರುವಷ್ಟು ಚೆನ್ನಾಗಿ ಯುರೋಪಿನವರಿಗೆ ಬರುವುದಿಲ್ಲ. ಅವರು ಸಾಲು ಮುರಿಯುವುದಿಲ್ಲ, ನಿಜ. ಆದರೆ ಒಳಗೊಳಗೇ ಕುದಿಯುತ್ತಾರೆ. ನಾವು ನುಗ್ಗುತ್ತೇವೆ, ಜಗಳ ಆಡುತ್ತೇವೆ, ಆಮೇಲೆ ಪಕ್ಕದವರ ಮಗಳ ಮದುವೆ ವಿಷಯ ಕೇಳುತ್ತೇವೆ.

ಟಿಕೆಟ್ ಕೊಡುವುದೂ ನೀರಿನ ಮೇಲೆ ತೇಲುವ ದೋಣಿಯಲ್ಲಿ. ನಾವು ಹೋದಾಗ ತಲೆಗೆ 18 ಯೂರೋ ಇತ್ತು. ಪುಟ್ಟ ಹುಟ್ಟುದೋಣಿಗೆ ನಾಲ್ಕೇ ಜನ. ಬಾಯಿ ಹತ್ತಿರ ಬರುತ್ತಿದ್ದಂತೆ ಎಲ್ಲರೂ ದೋಣಿಯ ತಳದಲ್ಲಿ ಅಂಗಾತ ಮಲಗಬೇಕು. ಅಮ್ಮನ ತಲೆ ನನ್ನ ಎದೆಗೆ ಒರಗಿತು. ದೋಣಿಯವನು ಅಲೆ ಇಳಿಯುವುದನ್ನೇ ಕಾದು, ಬಂಡೆಗೆ ಬಿಗಿದ ಸರಪಳಿಯನ್ನು ಒಮ್ಮೆ ಜೋರಾಗಿ ಎಳೆದ. ಕಲ್ಲು ಮೂಗಿನ ಮೇಲೆಯೇ ಹಾದು ಹೋಯಿತು.

ಒಳಗೆ ಮೊದಲು ಕತ್ತಲೆ. ಎದ್ದು ಕೂತು ತಿರುಗಿ ನೋಡಿದರೆ ನೀರಿಗೇ ದೀಪ ಹಚ್ಚಿಟ್ಟಂತಿತ್ತು. ನಾವು ನುಸುಳಿ ಬಂದ ಕಿಂಡಿಯ ಕೆಳಗೆ, ನೀರಿನೊಳಗೆ, ಅದಕ್ಕಿಂತ ದೊಡ್ಡ ಇನ್ನೊಂದು ಬಾಯಿ ಇದೆ. ಬಿಸಿಲು ಅಲ್ಲಿಂದ ಬರುತ್ತದೆ. ಬರುವಾಗ ಕೆಂಪನ್ನು ನೀರು ನುಂಗುತ್ತದೆ, ನೀಲಿ ಮಾತ್ರ ಉಳಿಯುತ್ತದೆ. "ಹಾಗಾದ್ರೆ ಮೇಲಿನ ಕಿಂಡಿ ನಮಗೆ, ಕೆಳಗಿನದ್ದು ಸೂರ್ಯನಿಗೆ ಅಲ್ವಾ?" ಅಂದರು ಅಮ್ಮ. ನಾನು ಓದಿಕೊಂಡು ಹೋದದ್ದೆಲ್ಲ ಅಷ್ಟೇ ಆಗಿತ್ತು.

ಅಮ್ಮ ಕೈ ನೀರಿಗೆ ಅದ್ದಿದರು. ಚಿನ್ನದ ಬಳೆ ನೀರಿನೊಳಗೆ ಪಕ್ಕಾ ಬೆಳ್ಳಿ! ಹೊರಗೆ ತೆಗೆದರೆ ಚಿನ್ನ, ಅದ್ದಿದರೆ ಬೆಳ್ಳಿ. ಮೂರು ಸಲ ಮಾಡಿ ನೋಡಿದರು. ನಾನು ಆ ಹೊತ್ತಿಗೆ ಫೋನ್ ಸರಿಮಾಡಿಕೊಳ್ಳುತ್ತಾ ಎರಡು ನಿಮಿಷ ಹಾಳು ಮಾಡಿದ್ದೆ.

ದೋಣಿಯವನು ಒಂದು ಹಾಡು ಹೇಳಿ, ಒಂದು ಸುತ್ತು ಹಾಕಿಸಿ, ಟಿಪ್ಸ್ ಕೇಳಿದ. ಟಿಕೆಟ್ ಕೊಟ್ಟ ಮೇಲೂ ಕೇಳ್ತಾನಲ್ಲ ಅಂತ ನನಗೆ ಸಿಟ್ಟು. ಇಂಥದ್ದೆಲ್ಲ ನಮ್ಮೂರಲ್ಲಿ ಮಾತ್ರ ಅಂದುಕೊಂಡಿದ್ದೆ. ಅಮ್ಮ ಸುಮ್ನೆ ಪರ್ಸ್ ತೆಗೆದು ಐದು ಯೂರೋ ಕೊಟ್ಟರು. "ಮಂಗಳಾರತಿ ತಟ್ಟೆಗೆ ಹಾಕುವುದಿಲ್ವಾ ನೀನು?"

ಮ್ಯೂನಿಕ್‌ಗೆ ಬಂದಾಗ ಗೆಳೆಯ ಹೇಳಿದ: ಗುಹೆಯನ್ನು 1826ರಲ್ಲಿ ಕಂಡುಹಿಡಿದದ್ದು ನಮ್ಮ ಜರ್ಮನ್ ಕವಿ ಔಗುಸ್ಟ್ ಕೋಪಿಶ್. ಕೋಪಿಶ್ ಬರೆದು ಹೆಸರು ತಂದದ್ದು ಹೌದು. ಆದರೆ ಅವನ ಜೊತೆಗಿದ್ದದ್ದು ಊರಿನ ಮೀನುಗಾರ ಆಂಜೆಲೋ ಫೆರಾರೋ. ಒಳಗೆ ದೆವ್ವ ಇದೆ ಅಂತ ಹೆದರುತ್ತಿದ್ದರೂ ಗುಹೆ ಇರುವುದು ಊರವರಿಗೆ ಗೊತ್ತೇ ಇತ್ತು. ಅದಕ್ಕೂ ಮೊದಲು ರೋಮನ್ನರು ಅಲ್ಲಿ ಸಮುದ್ರ ದೇವರ ವಿಗ್ರಹಗಳನ್ನು ಇಟ್ಟಿದ್ದರು. 1964ರಲ್ಲಿ ಅವು ಗುಹೆಯ ತಳದಲ್ಲಿ ಸಿಕ್ಕವು. ಅಮ್ಮನಿಗೆ ಇದನ್ನು ಹೇಳಿದರೆ ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ಮತ್ತೆ? ಅಂಥ ಜಾಗದಲ್ಲಿ ದೇವರು ಇರದೆ ಇರ್ತಾನಾ?"

ನನ್ನ ಫೋಟೋದಲ್ಲಿ ಬಂದಿರುವುದು ಒಂದು ನೀಲಿ ಮಸುಕು, ಮೂಲೆಯಲ್ಲಿ ಯಾರದೋ ಟೋಪಿ. ಅಮ್ಮ ಮಾತ್ರ ಉಡುಪಿಗೆ ಫೋನ್ ಮಾಡಿ ಚಿಕ್ಕಮ್ಮನಿಗೆ ಬಳೆ ಬೆಳ್ಳಿಯಾದ ಕತೆ ಹೇಳುತ್ತಲೇ ಇದ್ದಾರೆ. ನಿನ್ನೆ ಹೇಳುವಾಗ ಐದು ನಿಮಿಷ ಅರ್ಧ ಗಂಟೆಯಾಗಿತ್ತು. ನಾನು ತಿದ್ದಲು ಹೋಗಲಿಲ್ಲ.