ಏಳು ಫೂಟ್ ಸಾಕ್ರೀ

ಹುಬ್ಬಳ್ಳಿಯ ನವನಗರವಾಗಲಿ, ಕೇಶ್ವಾಪುರವಾಗಲಿ, ಗದಗ-ಹಾವೇರಿಯ ಹೊಸ ಬಡಾವಣೆಗಳಾಗಲಿ, ಸಂಜೆ ಅಡ್ಡಾಡುವಾಗ ಒಮ್ಮೆ ಕತ್ತೆತ್ತಿ ನೋಡಿ. ಕಾರು ನಿಲ್ಲಿಸುವ ಖೋಲಿಯ ಲಿಂಟಲ್ಲಿನ, ಎಂದರೆ ಬಾಗಿಲ ಮೇಲಿನ ಅಡ್ಡ ತೊಲೆಯ, ತಳದಲ್ಲಿ ಗಿಲಾವು ಕಿತ್ತುಹೋದ ಗೀರು ಕಾಣುತ್ತದೆ. ಒಂದಲ್ಲ, ಎರಡು ಮೂರು, ಅಡ್ಡಡ್ಡ, ಹಣೆಯ ವಿಭೂತಿಯ ಹಾಗೆ. ಸುಣ್ಣ ಬಳಿದು ಮುಚ್ಚಿದರೂ ಮುಂದಿನ ಶ್ರಾವಣದೊಳಗೆ ಮತ್ತೆ ಮೂಡಿರುತ್ತದೆ.

ಅಷ್ಟಕ್ಕೂ ಕಾರಣ ಆ ಖೋಲಿಯ ಬಾಗಿಲ ಎತ್ತರದ ಬಗ್ಗೆ ಆಡುವ ಒಂದೇ ಮಾತು: ‘ಏಳು ಫೂಟ್ ಸಾಕ್ರೀ.’ ಮೊದಲು ಹೇಳಿದವರು ಯಾರೋ, ಈಗ ಎಲ್ಲರೂ ಹೇಳುತ್ತಾರೆ. ಮನೆಯ ಬಾಗಿಲು ಏಳು ಫೂಟು, ಮನುಷ್ಯ ಆರು ಫೂಟು, ಕಾರು ಮನುಷ್ಯನಿಗಿಂತ ಗಿಡ್ಡ, ಇನ್ನೇನು ಬೇಕು? ಮುಂಬಾಗಿಲ ಚೌಕಟ್ಟಿಗೆ ಆಯ ನೋಡುತ್ತಾರೆ, ಮುಹೂರ್ತ ನೋಡುತ್ತಾರೆ, ಅರಿಷಿಣ ಕುಂಕುಮ ಹಚ್ಚಿ ಕಾಯಿ ಒಡೆಯುತ್ತಾರೆ. ಹೊಸ ಕಾರು ಬಂದರೆ ನಾಲ್ಕು ಗಾಲಿಗೆ ನಾಲ್ಕು ನಿಂಬೆಹಣ್ಣು. ಇವೆರಡರ ನಡುವೆ ದಿಕ್ಕಿಲ್ಲದ್ದು ಶಟರಿನ ಮೇಲಿನ ಲಿಂಟಲ್ ಒಂದೇ.

ಈ ಏಳು ಎಂಬುದು ಶಾಸ್ತ್ರದಿಂದ ಬಂದದ್ದಲ್ಲ, ಗೌಂಡಿಯ ಅನುಕೂಲದಿಂದ ಬಂದದ್ದು. 200 ಮಿ.ಮೀ. ಬ್ಲಾಕು, ಮೇಲೆ 10 ಮಿ.ಮೀ. ಸಿಮೆಂಟು, ಹತ್ತು ಸಾಲು ಏರಿದರೆ 2100 ಮಿ.ಮೀ. ಏಳು ಫೂಟಿಗೆ ಸುಮಾರು ಒಂದೂಕಾಲು ಇಂಚು ಕಡಿಮೆ. ಬ್ಲಾಕು ಒಡೆಯುವ ತ್ರಾಸಿಲ್ಲ, ಲಿಂಟಲ್ಲಿಗೆ ಹಲಗೆ ಕೂಡಿಸಿಬಿಡಬಹುದು. ಎಂಟು ಫೂಟು ಎಂದಿರೋ, ಅದು ಹನ್ನೊಂದನೆಯ ಸಾಲಿಗೂ ಹನ್ನೆರಡನೆಯ ಸಾಲಿಗೂ ನಡುವೆ ತ್ರಿಶಂಕುವಾಗಿ ಬಂದು ನಿಲ್ಲುತ್ತದೆ. ಆಗ ಗೌಂಡಿಯ ಮುಖ ನೋಡಬೇಕು.

ಆ 2100ಕ್ಕೆ ಏನಾಗುತ್ತದೆ ನೋಡಿ. ಗೌಂಡಿ ಎಣಿಸಿದ್ದು ಬುಡದ ಕಾಂಕ್ರೀಟಿನಿಂದ. ಅದರ ಮೇಲೆ ಶಹಾಬಾದ್ ಪರಸಿ, ಪರಸಿಯ ಕೆಳಗೆ ಹಾಸು, ಎರಡೂ ಸೇರಿ 75 ಮಿ.ಮೀ. ಹೋಯಿತು. ಲಿಂಟಲ್ಲಿನ ತಳದ ಗಿಲಾವಿಗೆ 12. ಶಟರ್ ಪೂರ್ತಿ ಎತ್ತಿದರೂ ಅದರ ತಳಪಟ್ಟಿ, ಹಿಡಿಕೆ, ಕೀಲಿಯ ಕೊಂಡಿ ಕೆಳಗೆ ಇಳಿಬಿದ್ದೇ ಇರುತ್ತವೆ, ಅದಕ್ಕೆ 100. ಉಳಿದದ್ದು 1913. ವ್ಯಾಗನ್-ಆರ್ 1675, ನಿಶ್ಚಿಂತೆ. ಇನ್ನೋವಾ ಕ್ರಿಸ್ಟಾ 1795, ಅದೂ ಪಾಸು. ಬೊಲೆರೊ 1880. ನಮ್ಮ ಕಡೆ ಬೊಲೆರೊ ಎಂದರೆ ಬರೀ ಬೊಲೆರೊ ಅಲ್ಲ, ನೆತ್ತಿಯ ಮೇಲೆ ಕ್ಯಾರಿಯರ್ ಇರಲೇಬೇಕು. ಎರಡು ಬೆರಳು ಸಂದಿನಲ್ಲಿ ನಾಲ್ಕು ಇಂಚಿನ ಕ್ಯಾರಿಯರ್ ತೂರುವುದು ಹೇಗೆ? ಮೊದಲ ಗೀರು ಅಲ್ಲಿ ಬೀಳುತ್ತದೆ.

ಹಾಗಾದರೆ ಎಷ್ಟು ಇಡಬೇಕು? ಹೇಳೋಣ. ಅದಕ್ಕೂ ಮೊದಲು ಎಲ್ಲಿಂದ ಎಣಿಸಬೇಕು ಎಂಬುದು ಇತ್ಯರ್ಥವಾಗಲಿ. ಗೌಂಡಿ ಕಾಂಕ್ರೀಟಿನಿಂದ ಎಣಿಸುತ್ತಾನೆ, ಇಂಜಿನಿಯರ್ ಸಾಹೇಬರು ಪರಸಿಯ ಮೇಲಿನಿಂದ, ಮಾಲಕರು ರಸ್ತೆಯಿಂದ. ಮೂವರೂ ‘ಏಳು’ ಎಂದಾಗ ಎಲ್ಲ ಬಗೆಹರಿಯಿತೆಂದು ಚಹಾ ಕುಡಿಯುತ್ತಾರೆ.

ಮೂರರಲ್ಲಿ ತೀರಾ ನಂಬಿಕೆಗೆಟ್ಟದ್ದು ರಸ್ತೆ. ಅದು ಬೆಳೆಯುತ್ತದೆ. ಒಮ್ಮೆ ಡಾಂಬರು ಹಾಕಿದರೆ ಒಂದೆರಡು ಇಂಚು, ಮೂರು ವರ್ಷಕ್ಕೆ ಮತ್ತೊಂದು ಪದರ, ಆಮೇಲೆ ಯಾರಿಗೋ ಕಾಂಕ್ರೀಟಿನ ಹುರುಪು ಬಂದರೆ ಒಮ್ಮೆಲೇ ಆರರಿಂದ ಎಂಟು ಇಂಚು. ಹಳೆಯ ಪದರ ಕೆರೆದು ತೆಗೆಯುವ ಯಂತ್ರವಿದೆ, ಅದಕ್ಕೆ ಟೆಂಡರಿನಲ್ಲಿ ಜಾಗವೂ ಇದೆ; ಓಣಿಗೆ ಬರಲು ಮಾತ್ರ ಅದಕ್ಕೆ ದಾರಿ ಗೊತ್ತಿಲ್ಲ. ಮೂರು ಮೆಟ್ಟಿಲು ಹತ್ತಿ ಒಳಗೆ ಹೋಗುತ್ತಿದ್ದ ಮನೆಗೆ ಈಗ ಒಂದೇ ಮೆಟ್ಟಿಲು. ಮನೆ ಕುಸಿದಿಲ್ಲ, ಊರು ಎದ್ದಿದೆ. ಮಳೆಗಾಲದಲ್ಲಿ ಗಟಾರದ ನೀರು ಕಾರಿನ ಖೋಲಿಯೊಳಗೆ ಪಾಹುಣರಂತೆ ಬರುತ್ತದೆ, ಹೋಗುವಾಗ ಹೇಳಿ ಹೋಗುವುದಿಲ್ಲ.

ಹುಬ್ಬಳ್ಳಿಗೆ ಮೊದಲಿನಿಂದಲೂ ಉದ್ದದ ಹೆಮ್ಮೆ, ಎತ್ತರದ್ದಲ್ಲ. ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದ 1507 ಮೀಟರ್ ಪ್ಲಾಟ್‌ಫಾರ್ಮ್ 2023ರ ಮಾರ್ಚಿನಲ್ಲಿ ಉದ್ಘಾಟನೆಯಾದಾಗ ಜಗತ್ತಿಗೇ ಉದ್ದದ್ದೆಂದು ಊರು ಹಿಗ್ಗಿತು. ಅದರ ಎತ್ತರ ಎಷ್ಟು ಎಂದು ಯಾರೂ ಕೇಳಲಿಲ್ಲ. ಚೀಲ ಹೊತ್ತು ಡಬ್ಬಿ ಹತ್ತುವವರಿಗೆ ಬೇಕಾದದ್ದು ಅದೇ. ಎತ್ತರದ ಪ್ಲಾಟ್‌ಫಾರ್ಮುಗಳಿಗೆ ರೈಲ್ವೆಯ ಅಳತೆ 760ರಿಂದ 840 ಮಿ.ಮೀ.; ಅದನ್ನು ಎಣಿಸುವುದು ನೆಲದಿಂದಲ್ಲ, ಹಳಿಯ ನೆತ್ತಿಯಿಂದ. ಜಲ್ಲಿ ತುಂಬಿ ಹಳಿಯನ್ನು ಎರಡು ಇಂಚು ಏರಿಸಿದರೆ ಪ್ಲಾಟ್‌ಫಾರ್ಮ್ ಇದ್ದಲ್ಲೇ ಇದ್ದು ಎರಡು ಇಂಚು ಗಿಡ್ಡಾಗುತ್ತದೆ. ರೈಲ್ವೆಯವರಿಗೆ ಇದು ಗೊತ್ತು, ಹಾಗಾಗಿ ಹಳಿ ಏರಿದಾಗ ಟೇಪು ಹಿಡಿಯುತ್ತಾರೆ. ಓಣಿಯಲ್ಲಿ ಡಾಂಬರು ಸುರಿಯುವವರ ಕೈಯಲ್ಲಿ ಟೇಪು ಇದ್ದದ್ದನ್ನು ಕಂಡವರಿಲ್ಲ. ಅಳೆದರೂ ಉದ್ದವನ್ನೇ ಅಳೆಯುತ್ತಾರೆ, ಬಿಲ್ಲು ಆಗುವುದು ಅದರಿಂದ.

ರಸ್ತೆಗೆ ಹೆದರಿ ಈಗೀಗ ಜನ ಮೊದಲೇ ಎರಡೂವರೆ ಫೂಟು ಪ್ಲಿಂತ್, ಎಂದರೆ ಮನೆಯ ತಳಕಟ್ಟು, ಏರಿಸುತ್ತಾರೆ. ಜಾಣತನವೇ. ಆದರೆ ಕಾರು ಹತ್ತಬೇಕಲ್ಲ. ಎಂಟಕ್ಕೊಂದರ, ಎಂದರೆ ಎಂಟು ಫೂಟಿಗೆ ಒಂದು ಫೂಟು ಏರುವ, ಇಳಿಜಾರು ಬೇಕೆಂದರೆ ಎರಡೂವರೆ ಫೂಟಿಗೆ 20 ಫೂಟು ಉದ್ದದ ರ‍್ಯಾಂಪ್. ಮೂವತ್ತು ನಲವತ್ತರ ಸೈಟಿನಲ್ಲಿ ಮುಂದೆ ಬಿಟ್ಟ ಜಾಗ ಐದು ಫೂಟು. ಉಳಿದ ಹದಿನೈದನ್ನು ಸರಕಾರದ ರಸ್ತೆ ಕೊಡಬೇಕು. ಕೊಡುವುದಿಲ್ಲ. ಆಗ ಗಟಾರದ ಮೇಲೆ ಪರಸಿ ಹಾಸಿ, ಅದರ ಮೇಲೆ ಗೋಡೆಯಷ್ಟು ಕಡಿದಾದ ರ‍್ಯಾಂಪ್ ಎಬ್ಬಿಸುತ್ತಾರೆ. ಕಾರಿನ ಹೊಟ್ಟೆ ಅದರ ತುದಿಗೆ ತಾಗಿ ಕರ್ರೆನ್ನುತ್ತದೆ. ಗಟಾರ ಬಳಿಯಲು ಜೆಸಿಬಿ ಬಂದ ದಿನ ರ‍್ಯಾಂಪೂ ಹೋಯಿತು, ಪರಸಿಯೂ ಹೋಯಿತು.

ಏರುವ ರ‍್ಯಾಂಪಿನಲ್ಲಿ ಪೆಟ್ಟು ಹೊಟ್ಟೆಗೆ. ರಸ್ತೆ ಬೆಳೆದು ಖೋಲಿ ತಗ್ಗಾದ ಮನೆಗಳಲ್ಲಿ ಪೆಟ್ಟು ತಲೆಗೆ. ಎರಡನೆಯದು ಬಹಳ ಮಂದಿಗೆ ತಿಳಿಯುವುದೇ ಇಲ್ಲ. ಮುಂದಿನ ಗಾಲಿ ಒಳಗೆ ಸಪಾಟು ನೆಲಕ್ಕೆ ಇಳಿದಿವೆ, ಹಿಂದಿನವು ಇನ್ನೂ ಇಳಿಜಾರಿನ ಮೇಲಿವೆ, ಲಿಂಟಲ್ಲಿನ ನೇರಕ್ಕೆ ಕಾರಿನ ನಡು. ಅಲ್ಲಿ ನೆಲ ತಗ್ಗಿದ್ದರೂ ಕಾರು ತಗ್ಗುವುದಿಲ್ಲ, ಎರಡು ಗಾಲಿಗಳ ನಡುವೆ ಸೇತುವೆಯಂತೆ ನಿಂತಿರುತ್ತದೆ. ಬೊಲೆರೊದ ಗಾಲಿಯಿಂದ ಗಾಲಿಗೆ 2680 ಮಿ.ಮೀ.; ಎಂಟಕ್ಕೊಂದರ ಇಳಿಜಾರಿನಲ್ಲಿ ನಡುಭಾಗ 84 ಮಿ.ಮೀ. ಮೇಲೆ ಇರುತ್ತದೆ. ಮೂರು ಇಂಚಿನ ಮೇಲೆ. ಟೇಪು ಹಿಡಿದು ಅಳೆದಾಗ ಹಿಡಿಸುತ್ತದೆ ಎಂದ ಕಾರು ಒಳಗೆ ಬಿಟ್ಟಾಗ ಏಕೆ ತಾಗಿತು ಎಂದು ಮಾಲಕರು ಗೌಂಡಿಯನ್ನು ಬೈಯುತ್ತಾರೆ, ಗೌಂಡಿ ಡ್ರೈವರನನ್ನು.

ಇನ್ನು ಅಂಕಿಗೆ ಬರೋಣ. ಮುಗಿದ ಪರಸಿಯಿಂದ ಹನ್ನೆರಡು ಸಾಲು, 2520 ಮಿ.ಮೀ., ಎಂದರೆ ಎಂಟು ಫೂಟು ಮೂರು ಇಂಚು. ಮೊದಲ ಸಾಲು ಪರಸಿಯ ಮಟ್ಟಕ್ಕೇ ಕೂತರೆ ಬ್ಲಾಕು ಒಡೆಯಬೇಕಿಲ್ಲ, ಗೌಂಡಿಯೂ ಖುಷಿ. ಹತ್ತು ಫೂಟು ಅಗಲವಿದ್ದರೆ ಶಟರ್ ಏಳೂಮುಕ್ಕಾಲು ಚದರ ಮೀಟರಿನೊಳಗೆ ಮುಗಿಯುತ್ತದೆ. ಕೈಯಿಂದ ಎಳೆಯುವ ಶಟರಿಗೆ ಬಾಲ್ ಬೇರಿಂಗ್ ಇಲ್ಲದೆ 8 ಚದರ ಮೀಟರ್ ಮಿತಿ, ಬೇರಿಂಗ್ ಇದ್ದರೆ 12, ಅದರಾಚೆ ಗೇರು ಇಲ್ಲವೆ ಸರಪಳಿ. ಒಂಬತ್ತು ಫೂಟು ಮಾಡಹೋದರೆ ಎಂಟು ಚದರ ಮೀಟರ್ ದಾಟಿತು. ಬೇರಿಂಗ್ ಹಾಕದೆ ಬಿಟ್ಟರೆ ದಿನ ಕಳೆದಂತೆ ಸ್ಪ್ರಿಂಗ್ ಸೋತು ಶಟರ್ ಅರ್ಧಕ್ಕೇ ನಿಲ್ಲುತ್ತದೆ. ಸುರುಳಿಯ ಡಬ್ಬಿಯನ್ನು ಲಿಂಟಲ್ಲಿನ ಕೆಳಗೆ ಕೂಡಿಸಲು ಬಿಡಬೇಡಿ, ಒಂದೂಕಾಲು ಫೂಟು ನುಂಗುತ್ತದೆ. ಲಿಂಟಲ್ಲಿನ ಹಿಂದೆ, ಒಳಗಡೆ ಇರಲಿ. ಅದಕ್ಕೆ ಲಿಂಟಲ್ಲಿನ ತಳದಿಂದ ಸ್ಲ್ಯಾಬಿನವರೆಗೆ ಒಂದೂವರೆ ಫೂಟು ಬೇಕು, ಅಲ್ಲಿಗೆ ಗೋಡೆ ಹತ್ತು ಫೂಟಿನ ಹತ್ತಿರ. ಮೇಲೆ ಮನೆ ಇದ್ದರೆ ಮೆಟ್ಟಿಲು ಎರಡು ಹೆಚ್ಚು. ಮಂಡಿನೋವಿನ ಅತ್ತೆಯವರಿಗೆ ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನವಲಗುಂದ, ನರಗುಂದ, ಗದಗಿನ ಕಡೆಯ ಯರಿ ಭೂಮಿಯಲ್ಲಿ, ಎಂದರೆ ಕಪ್ಪು ಮಣ್ಣಿನ ನೆಲದಲ್ಲಿ, ಈ ಲೆಕ್ಕವೂ ನಿಲ್ಲುವುದಿಲ್ಲ. ಆ ಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತದೆ. ಮನೆಯ ಭಾರ ಹೆಚ್ಚು, ಅಷ್ಟಿಷ್ಟು ತಡೆಯುತ್ತದೆ. ಕಾರಿನ ಖೋಲಿ ಹಗುರ, ಮಣ್ಣು ಎತ್ತಿದತ್ತ ಏಳುತ್ತದೆ. ನೆಲ ನಡುವೆ ಉಬ್ಬಿತೆಂದರೆ ಎತ್ತರ ಒಂದು ಇಂಚು ಕಡಿಮೆ, ಕಂಬ ವಾಲಿತೆಂದರೆ ಶಟರ್ ದಾರಿಯಲ್ಲೇ ಕಚ್ಚಿಕೊಂಡಿತು. ಯರಿ ತೆಗೆದು ಎರಡು ಮೂರು ಫೂಟು ಗರಸು ಮಣ್ಣು ತುಂಬಬೇಕು. ಅರ್ಧರ್ಧ ಫೂಟಿಗೊಮ್ಮೆ ನೀರು ಬಿಟ್ಟು ದಮ್ಮಸ್ಸು ಹೊಡೆಯಬೇಕು. ‘ಗಾಡಿ ನಿಲ್ಲಸೂದಕ್ಕ ಇಷ್ಟೆಲ್ಲಾ ಯಾಕ್ರೀ?’ ಎಂಬ ಪ್ರಶ್ನೆ ಇಲ್ಲಿ ತಪ್ಪದೆ ಬರುತ್ತದೆ.

ಇಷ್ಟಾದರೂ ಏಳು ಫೂಟಿನಲ್ಲೇ ಇರುವವರದು ಇನ್ನೊಂದು ಪಾಡು. ಬ್ಯಾಡಗಿಯ ಮೆಣಸಿನಕಾಯಿ ಚೀಲ ಹೇರಿದ ಗಾಡಿ ಹಿಂದಿನ ಸ್ಪ್ರಿಂಗ್ ಪಟ್ಟಾ ಕುಗ್ಗಿ ಒಂದೆರಡು ಇಂಚು ತಗ್ಗಿರುತ್ತದೆ. ಲಿಂಟಲ್ಲಿನಡಿ ಸುಸೂತ್ರವಾಗಿ ಒಳಗೆ ಹೋಯಿತು. ರಾತ್ರಿ ಚೀಲ ಇಳಿಸಿದರು, ಪಟ್ಟಾ ಸೆಟೆದು ನಿಂತಿತು. ಮುಂಜಾನೆ ಗಾಡಿ ಹೊರಗೆ ಬರಲೊಲ್ಲದು. ಗಾಲಿಯ ಗಾಳಿ ಬಿಡುವವರಿದ್ದಾರೆ, ಬೇಡ. ಮತ್ತೆ ತುಂಬಿಸಲು ಗಾಡಿಯನ್ನು ಪಂಕ್ಚರ್ ಅಂಗಡಿಯವರೆಗೆ ಹೊಡೆಯಬೇಕು. ಓಣಿಯಲ್ಲಿ ಮೈತುಂಬಿದ ನಾಲ್ಕು ಮಂದಿಯನ್ನು ಕರೆದು ಹಿಂದೆ ಕೂಡಿಸಿ, ಕೆಮ್ಮಬೇಡಿರೆಂದು ಹೇಳಿ, ಮೆಲ್ಲಗೆ ರಿವರ್ಸ್ ತೆಗೆಯಿರಿ.