ಸಿ ಅಂದ್ರೆ ತಣ್ಣೀರು ಅಲ್ವಾ?

ಎಡಗೈ ಹೆಬ್ಬೆರಳಿನ ಬುಡದಲ್ಲಿ ಇನ್ನೂ ಸಣ್ಣ ಕಲೆ ಇದೆ. ಫ್ಲಾರೆನ್ಸಿನ ಒಂದು ಹೋಟೆಲಿನ ನಲ್ಲಿ ಕೊಟ್ಟ ಉಡುಗೊರೆ ಅದು. ಬಿಸಿಲಲ್ಲಿ ಅಲೆದು ಬಂದಿದ್ದೆ, ಮುಖ ತೊಳೆಯೋಣ ಅಂತ ಹೋದೆ. ಎರಡು ಹಿತ್ತಾಳೆ ತಿರುಗಣೆ. ಒಂದರ ಮೇಲೆ ‘ಸಿ’, ಇನ್ನೊಂದರ ಮೇಲೆ ‘ಎಫ್’. ಸಿ ಅಂದರೆ ಕೋಲ್ಡ್, ಸರಿ. ಎಫ್ ಯಾಕೆ? ಒಂದರಲ್ಲಿ ಸೆಲ್ಸಿಯಸ್, ಇನ್ನೊಂದರಲ್ಲಿ ಫ್ಯಾರನ್‌ಹೀಟ್ ಬರುತ್ತದೇನೋ ಅಂತ ನಗುತ್ತಲೇ ಸಿ ತಿರುಗಿಸಿದೆ.

ಸಿ ಅಂದರೆ ಕಾಲ್ದೋ. ಇಟಾಲಿಯನ್ನಿನಲ್ಲಿ ಬಿಸಿ. ಎಫ್ ಅಂದರೆ ಫ್ರೆದ್ದೋ, ತಣ್ಣಗೆ.

“ಅಪ್ಪಾ, ಅಷ್ಟೂ ಗೊತ್ತಿಲ್ವಾ?” ಅಂದಳು ಮಗಳು. ಬಿಸಿನೀರಿಗಿಂತ ಜಾಸ್ತಿ ಉರಿದದ್ದು ಆ ಮಾತಿಗೆ. ಜರ್ಮನಿಯ ಮ್ಯೂನಿಕ್‌ನ ತನ್ನ ಮನೆಯಲ್ಲಿ ಹದಿನೈದು ದಿನ ‘ಕಾಲ್ಟ್ ಅಂದ್ರೆ ತಣ್ಣಗೆ’ ಅಂತ ನನಗೆ ಪಾಠ ಹೇಳಿದವಳು ಇವಳೇ. ರೈಲು ಹತ್ತಿ ಆಲ್ಪ್ಸ್ ದಾಟಿದರೆ ಅದೇ ಥರದ ಮಾತು ಕುದಿಯುತ್ತದೆ ಅಂತ ಇವಳು ಹೇಳಬೇಕಿತ್ತೋ, ನಾನು ಕನಸು ಕಾಣಬೇಕಿತ್ತೋ?

ನಮ್ಮೂರ ಬಚ್ಚಲಿನಲ್ಲಿ ಈ ಗೊಂದಲವೇ ಇರಲಿಲ್ಲ. ಒಲೆಗೆ ಕೂರಿಸಿದ ತಾಮ್ರದ ಹಂಡೆ, ಹೊರಗೆಲ್ಲ ಮಸಿ. ಅದರ ಮೇಲೆ ಅಕ್ಷರ ಬರೆಯಬೇಕು ಅಂತ ಯಾರಿಗೂ ಅನ್ನಿಸಲಿಲ್ಲ. ಅಜ್ಜಿ ಬಕೆಟ್‌ನ ತಣ್ಣೀರಿಗೆ ಎರಡು ಚೊಂಬು ಬಿಸಿನೀರು ಸುರಿದು ಮೊಣಕೈ ಅದ್ದಿ ನೋಡುತ್ತಿದ್ದಳು. ‘ಉಗುರು ಬೆಚ್ಚಗಿದೆ’ ಅಂದರೆ ಕೂಸಿಗೆ. ‘ಹದವಾಗಿದೆ’ ಅಂದರೆ ನಮಗೆ. ‘ಇನ್ನೂ ಕಾಯಬೇಕು’ ಅಂದರೆ ಅಜ್ಜನಿಗೆ. ಬೆನ್ನು ಕೆಂಪಾಗದಿದ್ದರೆ ಅಜ್ಜ ಅದನ್ನು ಸ್ನಾನ ಅಂತಲೇ ಒಪ್ಪುತ್ತಿರಲಿಲ್ಲ. ದೀಪಾವಳಿಗೆ ನೀರು ತುಂಬುವ ಸಂಜೆ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಬೇಕು. ತಿಕ್ಕುವುದು ನನ್ನ ಪಾಲಿಗೆ, ಉಗುರಿನ ಸಂದಿಯೆಲ್ಲ ಕಪ್ಪು. ಆಮೇಲೆ ಕೊರಳಿಗೆ ಹಿಂಡ್ಲೆಕಾಯಿ ಬಳ್ಳಿ ಸುತ್ತಿ, ಅರಿಶಿನ ಕುಂಕುಮ ಹಚ್ಚಿ ಪೂಜೆ. ಫ್ಲಾರೆನ್ಸಿನ ಆ ನಲ್ಲಿಗೆ ಯಾರಾದರೂ ಒಂದು ಹೂವಾದರೂ ಏರಿಸಿದ್ದಾರಾ?

ಹಂಡೆಯ ಮಾತು ಸುಮ್ನೆ ಬರಲಿಲ್ಲ. ಇಂಗ್ಲಿಷಿನಲ್ಲಿ ಹಂಡೆಗೆ ಕಾಲ್ಡ್ರನ್ ಅಂತಾರೆ. ಲ್ಯಾಟಿನ್ನಿನಲ್ಲಿ ಬಿಸಿಗೆ ಕಾಲಿದುಸ್. ಅದರ ಮೊಮ್ಮಗ ಈ ಕಾಲ್ಡ್ರನ್. ನಲ್ಲಿಯ ಕಾಲ್ದೋನೂ ಅದೇ ಮನೆಯದು. ಬಿಸಿನೀರು ಬಿದ್ದು ಸುಟ್ಟರೆ ಸ್ಕಾಲ್ಡ್ ಅಂತಾರಲ್ಲ, ಅದೂ ಅಲ್ಲಿಯದೇ. ಆದರೆ ಕಾಲ್ಟ್, ಕೋಲ್ಡ್ ಇವೆರಡೂ ಆ ಮನೆಯ ಜಗಲಿ ಹತ್ತಿದವಲ್ಲ. ಅವಕ್ಕೆ ದಾಯಾದಿ ಲ್ಯಾಟಿನ್ನಿನಲ್ಲಿ ಕೊರೆಯುವ ಚಳಿಗಿರುವ ‘ಗೆಲು’ ಅನ್ನುವ ಮಾತು. ಇಟಲಿಯ ಐಸ್‌ಕ್ರೀಮು ಜೆಲಾಟೋ ಹೆಸರು ಹುಟ್ಟಿದ್ದು ಅದರಿಂದಲೇ. ಅಂದರೆ ಸುಟ್ಟ ಬೆರಳಿಗೆ ಒತ್ತಿಕೊಳ್ಳಲು ಹೋಟೆಲಿನ ಕೆಳಗೆ ನಾನು ಕೊಂಡ ಪಿಸ್ತಾ ಜೆಲಾಟೋ ಕಪ್ ಇತ್ತಲ್ಲ, ಅದು ಕೋಲ್ಡ್‌ಗೆ ರಕ್ತಸಂಬಂಧಿ!

ಇದಕ್ಕೊಂದು ಲೆಕ್ಕ ಉಂಟು. 1822ರಲ್ಲಿ ಯಾಕೋಬ್ ಗ್ರಿಮ್ ಬಿಡಿಸಿಟ್ಟದ್ದು. ತಮ್ಮನ ಜೊತೆ ಸೇರಿ ಅಜ್ಜಿಕಥೆ ಕೂಡಿಹಾಕಿದ ಅದೇ ಗ್ರಿಮ್. (ಡೆನ್ಮಾರ್ಕಿನ ಭಾಷಾಪಂಡಿತ ರಾಸ್ಕ್ ಇದನ್ನು ಮೊದಲೇ ಕಂಡಿದ್ದ, ಹೆಸರು ಮಾತ್ರ ಗ್ರಿಮ್‌ಗೆ ಹೋಯಿತು.) ಲ್ಯಾಟಿನ್ನಿನ ಕ ಜರ್ಮನ್ ಕಡೆ ಹ ಆಗಿರುತ್ತದೆ. ನೂರಕ್ಕೆ ಅಲ್ಲಿ ಕೆಂಟುಮ್, ಇಲ್ಲಿ ಹುಂಡರ್ಟ್. ಕೊಂಬಿಗೆ ಅಲ್ಲಿ ಕೊರ್ನು, ಇಲ್ಲಿ ಹೋರ್ನ್. ನಮ್ಮಲ್ಲಿ ಹಳಗನ್ನಡದ ಪಾಲು ಹಾಲಾಯಿತಲ್ಲ, ಆ ಥರ. ಹಾಗಾಗಿ ಕಾಲ್ದೋನ ನೆಂಟ ಜರ್ಮನಿಯಲ್ಲಿ ಇದ್ದಿದ್ದರೆ ‘ಹ’ ಅಂತ ಶುರುವಾಗಬೇಕಿತ್ತು. ‘ಕ’ ಅಂತಲೇ ಬಂದವನ ಆಧಾರ್ ಕಾರ್ಡ್ ಕೇಳಿ.

ಇದನ್ನು ನಮ್ಮ ಪಾರ್ಕಿನ ಬೆಂಚಿನ ಮಂದಿಗೆ ಹೇಳಿ ಸಾಕಾಗಿದೆ. ಎರಡು ಮಾತು ಒಂದೇ ಥರ ಕೇಳಿಸಿದರೆ ಸಾಕು, ಎಲ್ಲ ನಮ್ಮಲ್ಲಿಂದಲೇ ಹೋದದ್ದು ಅಂತ ಚಪ್ಪಾಳೆ. ಸ್ಪೇನಿನವರ ದೀಆ ನಮ್ಮ ದಿನಕ್ಕೆ ನೆಂಟ ಹೌದು, ಇಂಗ್ಲಿಷಿನ ಡೇ ಅಲ್ಲ ಸ್ವಾಮಿ, ಅದು ಬೇರೆ ಬೇರು ಅಂದೆ. ಅವತ್ತಿನಿಂದ ಬೆಂಚಿನಲ್ಲಿ ನನಗೆ ಜಾಗ ಬಿಡುವುದು ನಿಂತಿದೆ. ಸುಟ್ಟದ್ದು ನನ್ನ ಕೈ, ಅವರಿಗೇನು!

ಮ್ಯೂನಿಕ್‌ಗೆ ವಾಪಸ್ ಬಂದೆವು. ಮಗಳ ಮನೆಯ ಬಚ್ಚಲ ನಲ್ಲಿಯ ಕೆಂಪು, ನೀಲಿ ಬೊಟ್ಟು ಯಾವತ್ತೋ ಉದುರಿದ್ದವು. ಬೆರಳಿಗೆ ಸುತ್ತಿ ಮಿಕ್ಕ ಪಟ್ಟಿಯನ್ನು ಎರಡು ತುಂಡು ಮಾಡಿದೆ. ಒಂದರ ಮೇಲೆ ‘ಬಿ’, ಇನ್ನೊಂದರ ಮೇಲೆ ‘ತ’ ಅಂತ ದುಂಡಗೆ ಬರೆದು ಅಂಟಿಸಿದೆ. ಬಿಸಿ, ತಣ್ಣಗೆ. ಎರಡು ಹೆಜ್ಜೆ ಹಿಂದೆ ಸರಿದು ನೋಡಿ ಖುಷಿಪಟ್ಟೆ.

ಭಾನುವಾರದ ಕನ್ನಡ ಕ್ಲಾಸಿಗೆ ಹೋಗುವ ಮೊಮ್ಮಗ ಬಂದ. ಕಣ್ಣು ಕಿರಿದು ಮಾಡಿ ಓದಿದ.

“ಬಿ ಅಂದ್ರೆ ಬ್ಲೂ ಅಲ್ವಾ ತಾತ?”

ಕೈ ಆಗಲೇ ತಿರುಗಣೆಯ ಮೇಲಿತ್ತು.